ಎರಡು ಗುಳಿಗೆ ಕೂಡಿದರೆ ಬೇಗ ಗುಣವೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಸಕ್ಕರೆ ಕಾಯಿಲೆ, ಮಂಡಿನೋವು, ಮಕ್ಕಳ ಕೆಮ್ಮು ಇವುಗಳ ವಿಷಯವಾಗಿಯೇ ಇರುತ್ತವೆ. ಮನಸ್ಸಿನ ಬೇನೆಯ ಮಾತು ಬಂದರೂ ಅದು ಪತ್ರದ ಕೊನೆಯಲ್ಲಿ, “ಹೇಳಲು ಸಂಕೋಚವಾಗುತ್ತದೆ, ಆದರೂ” ಎಂಬ ಪೀಠಿಕೆಯೊಡನೆ ಬರುವುದು ವಾಡಿಕೆ. ಈ ಸಲ ಸೋದರಿಯೊಬ್ಬರು ನೇರವಾಗಿಯೇ ಬರೆದಿದ್ದಾರೆ. ಅವರ ಮನೆಯವರಿಗೆ ಖಿನ್ನತೆಯ ಬೇನೆಯೆಂದು ವೈದ್ಯರು ಹೇಳಿ, ಗುಳಿಗೆ ಆರಂಭಿಸಿ ಹನ್ನೊಂದು ದಿನಗಳಾಗಿವೆ. “ನಿದ್ರೆ ಬಂದಿಲ್ಲ, ಊಟ ಸೇರುವುದಿಲ್ಲ, ಸಾಲದ್ದಕ್ಕೆ ಹೊಟ್ಟೆ ತೊಳಸುವುದೊಂದು ಹೊಸದಾಗಿ ಸೇರಿಕೊಂಡಿದೆ. ಊರಿನಲ್ಲಿರುವ ನನ್ನ ಅಣ್ಣನಿಗೂ ಹಿಂದೆ ಇದೇ ಬೇನೆಯಾಗಿತ್ತು. ಅವನಿಗೆ ಕೊಟ್ಟಿದ್ದ ಬೇರೆ ಗುಳಿಗೆಯ ಒಂದು ಪಟ್ಟಿ ನಮ್ಮಲ್ಲಿಯೇ ಉಳಿದಿದೆ. ಎರಡನ್ನೂ ಕೂಡಿಸಿ ಕೊಟ್ಟರೆ ಬೇಗ ಗುಣವಾಗುವುದಿಲ್ಲವೆ? ಡಾಕ್ಟರರೂ ಕೆಲವರಿಗೆ ಎರಡೆರಡು ಗುಳಿಗೆ ಕೊಡುತ್ತಾರಂತಲ್ಲ?” ಎಂದು ಅವರು ಕೇಳುತ್ತಾರೆ.

ನಮ್ಮದು ತ್ರೈಮಾಸಿಕ. ಇಂಥ ಪ್ರಶ್ನೆ ಮೂರು ತಿಂಗಳು ಕಾಯತಕ್ಕದ್ದಲ್ಲವಾದುದರಿಂದ ಪತ್ರ ಬಂದ ದಿನವೇ ಅವರಿಗೆ ದೂರವಾಣಿಯಲ್ಲಿ ಉತ್ತರ ತಿಳಿಸಿದೆವು. ಆ ಉತ್ತರ ಚಿಕ್ಕದು: ಅಣ್ಣನ ಗುಳಿಗೆಯನ್ನು ಕೊಡಬೇಡಿ, ಆದರೆ ಆ ಪಟ್ಟಿಯನ್ನು ಎಸೆಯಲೂ ಬೇಡಿ, ನಾಳೆಯೇ ವೈದ್ಯರ ಬಳಿಗೆ ಒಯ್ದು ತೋರಿಸಿ. ಹೀಗೇಕೆ ಹೇಳಿದೆವು ಎಂಬುದನ್ನು ಎಲ್ಲ ವಾಚಕರ ಉಪಯೋಗಕ್ಕಾಗಿ ಇಲ್ಲಿ ವಿವರಿಸುತ್ತೇವೆ. ಏಕೆಂದರೆ ಸೋದರಿಯ ಪ್ರಶ್ನೆ ಅಜ್ಞಾನದ ಪ್ರಶ್ನೆಯಲ್ಲ. ವೈದ್ಯಲೋಕವೇ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಇದೇ ಪ್ರಶ್ನೆಯನ್ನು ಕೇಳುತ್ತ ಬಂದಿದೆ.

ಬೇನೆಯ ಪರಿಚಯ

ಇಲ್ಲಿ ನಾವು ಹೇಳುತ್ತಿರುವುದು ಒಂದೆರಡು ದಿನದ ಬೇಸರವನ್ನಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಹಿಂದೆ ಇಷ್ಟವಾಗಿದ್ದ ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ಇವು ಈ ಬೇನೆಯ ಮುಖ್ಯ ಗುರುತುಗಳು. ಇವುಗಳ ಜೊತೆಗೆ ನಿದ್ರೆ ಕೆಡುತ್ತದೆ, ಹಸಿವು ಕೆಡುತ್ತದೆ, ಮೈಯಲ್ಲಿ ತ್ರಾಣವಿರುವುದಿಲ್ಲ. ಚಿಕ್ಕ ನಿರ್ಧಾರಕ್ಕೂ ತಲೆ ಓಡುವುದಿಲ್ಲ. ತಾನು ಯಾರಿಗೂ ಬೇಡದವನೆಂಬ ಭಾವನೆ ಬಲಿಯುತ್ತದೆ. ಕೆಲವರಲ್ಲಿ ಸಾವಿನ ಯೋಚನೆಯೂ ಬರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಈ ಬೇನೆ ತಗಲುತ್ತದೆ. ಹಾಗೆ ಬೇನೆಯುಳ್ಳವರಲ್ಲಿ ನೂರಕ್ಕೆ ಸುಮಾರು ೮೫ ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲವೆಂದೂ ಅದೇ ಸಮೀಕ್ಷೆ ತಿಳಿಸಿತು. ಆದುದರಿಂದ, ವೈದ್ಯರ ಬಾಗಿಲು ತಟ್ಟಿ ಗುಳಿಗೆ ಆರಂಭಿಸಿದ ಕುಟುಂಬ ಆಗಲೇ ಅರ್ಧ ದಾರಿ ನಡೆದಂತೆ. ಆದರೆ ಎಷ್ಟೋ ಮಂದಿ ಕೈಬಿಡುವುದು ಅಲ್ಲಿಂದ ಮುಂದಿನ ಕೆಲವು ವಾರಗಳಲ್ಲಿಯೇ.

ತಡವೇಕೆ?

ತಲೆನೋವಿನ ಗುಳಿಗೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತದೆ. ಖಿನ್ನತೆಯ ಗುಳಿಗೆ ಹಾಗಲ್ಲವೆಂಬುದು ಅದು ಹುಟ್ಟಿದ ದಿನದಿಂದಲೂ ತಿಳಿದ ಸಂಗತಿ. ೧೯೫೦ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಔಷಧ ಕೊಟ್ಟಾಗ ಅವರ ಶ್ವಾಸಕೋಶಕ್ಕಿಂತ ಮೊದಲು ಅವರ ಉತ್ಸಾಹ ಏರಿದ್ದನ್ನು ವೈದ್ಯರು ಕಂಡರು. ೧೯೫೭ರಲ್ಲಿ ಸ್ವಿಟ್ಸರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಅವರು ಇಮಿಪ್ರಮಿನ್ ಎಂಬ ಔಷಧ ಖಿನ್ನತೆಯನ್ನು ಇಳಿಸುತ್ತದೆಂದು ಪ್ರಕಟಿಸಿದರು. ೧೯೮೭ರಲ್ಲಿ ಅಮೆರಿಕದಲ್ಲಿ ಫ್ಲೂಆಕ್ಸೆಟಿನ್‌ಗೆ ಅನುಮತಿ ದೊರೆಯಿತು. ಆ ಮೇಲೆ ಬಂದ ಗುಳಿಗೆಗಳು ಹಳೆಯವುಗಳಿಗಿಂತ ದೇಹಕ್ಕೆ ಸೌಮ್ಯವಾದವು. ಆದರೆ ತಡ ಮಾತ್ರ ಹಾಗೆಯೇ ಉಳಿಯಿತು. ಸ್ವಲ್ಪ ಸುಧಾರಣೆ ಮೊದಲ ಎರಡು ವಾರಗಳಲ್ಲಿಯೇ ಕಾಣತೊಡಗುವುದುಂಟು. ಆದರೆ ಮನೆಯವರಿಗೂ ಎದ್ದು ಕಾಣುವಷ್ಟು ಗುಣವಾಗಲು ನಾಲ್ಕು ವಾರ, ಪೂರ್ಣ ಫಲಕ್ಕೆ ಆರರಿಂದ ಎಂಟು ವಾರ ಬೇಕಾಗುತ್ತವೆ.

ಈ ತಡಕ್ಕೆ ಕಾರಣವೇನು? ನಮ್ಮ ಕಟ್ಟಡಗಳ ತಾರಸಿಯ ಮೇಲಿರುವ ನೀರಿನ ತೊಟ್ಟಿಯನ್ನು ನೆನೆದುಕೊಳ್ಳಿ. ತೊಟ್ಟಿಯಲ್ಲಿ ನೀರು ಕಡಮೆಯಿದೆ. ಮಟ್ಟ ಏರಲೆಂದು ನೀರು ಹೊರಹೋಗುವ ದಾರಿಯನ್ನು ಮುಚ್ಚುತ್ತೇವೆ. ನೀರು ಏರತೊಡಗುತ್ತದೆ. ಆದರೆ ತೊಟ್ಟಿಯೊಳಗೆ ಒಂದು ತೇಲುಗುಂಡಿದೆ. ನೀರು ಏರಿದೊಡನೆ ಅದೂ ಏರಿ, ನೀರು ಬರುವ ಕೊಳವೆಯನ್ನೇ ಮುಚ್ಚಿಬಿಡುತ್ತದೆ! ಮಿದುಳಿನಲ್ಲಿ ನಡೆಯುವುದೂ ಸುಮಾರಾಗಿ ಇದೇ. ಸಿರೊಟೊನಿನ್ ಎಂಬ ರಾಸಾಯನಿಕವನ್ನು ನರಕೋಶ ಹೊರಕ್ಕೆ ಬಿಟ್ಟು, ಮತ್ತೆ ಒಳಕ್ಕೆ ಹೀರಿಕೊಳ್ಳುತ್ತದೆ. ಈಗಿನ ಬಹುಪಾಲು ಗುಳಿಗೆಗಳು ಈ ಹೀರಿಕೆಯನ್ನು ಕೆಲವು ಗಂಟೆಗಳಲ್ಲಿಯೇ ತಡೆಯುತ್ತವೆ. ಆದರೆ ಅದೇ ನರಕೋಶದ ಮೇಲಿರುವ ಗ್ರಾಹಕಗಳು ತೇಲುಗುಂಡಿನಂತೆ, “ಸಾಕಷ್ಟಾಯಿತು” ಎಂದು ಸೂಚಿಸಿ ಉತ್ಪತ್ತಿಯನ್ನು ತಗ್ಗಿಸುತ್ತವೆ. ಎರಡು ಮೂರು ವಾರ ಕಳೆದ ಮೇಲೆ ಆ ಗ್ರಾಹಕಗಳ ಚುರುಕು ಕುಗ್ಗುತ್ತದೆ; ಆಗ ಮಟ್ಟ ನಿಜವಾಗಿ ಏರುತ್ತದೆ. ಇದೇ ಪೂರ್ಣ ಕಥೆಯಲ್ಲ. ನರಕೋಶಗಳ ನಡುವೆ ಹೊಸ ಸಂಪರ್ಕಗಳು ಬೆಳೆಯಬೇಕು, ಅದಕ್ಕೂ ದಿನಗಳು ಬೇಕು ಎಂಬುದನ್ನು ನಂತರದ ಸಂಶೋಧನೆಗಳು ತೋರಿಸಿವೆ.

ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಮೊದಲಾದ ಉಪದ್ರವಗಳು ಮಾತ್ರ ಮೊದಲ ವಾರದಲ್ಲಿಯೇ ಬರುತ್ತವೆ. ಹೀಗೆ ಕಷ್ಟ ಮೊದಲು, ಸುಖ ಆಮೇಲೆ. “ಈ ಗುಳಿಗೆ ನನಗೆ ಆಗಿಬರುವುದಿಲ್ಲ” ಎಂದು ರೋಗಿ ನಿಶ್ಚಯಿಸುವುದು ಈ ನಡುವಿನ ದಿನಗಳಲ್ಲಿಯೇ.

ಬೇಗ ಮಾಡುವ ಪ್ರಯತ್ನಗಳು

ಈ ನಡುವಿನ ದಿನಗಳನ್ನು ಮೊಟಕು ಮಾಡಲು ಎರಡನೆಯ ಔಷಧವೊಂದನ್ನು ಜೊತೆಗೂಡಿಸುವ ಯೋಚನೆ ಹಳೆಯದು. ೧೯೬೯ರಲ್ಲಿ ಅಮೆರಿಕದ ಆರ್ಥರ್ ಪ್ರಾಂಜ್ ಮತ್ತು ಸಂಗಡಿಗರು ಇಮಿಪ್ರಮಿನ್ ಜೊತೆಗೆ ಥೈರಾಯ್ಡ್ ಗ್ರಂಥಿಯ ಟಿ-೩ ಎಂಬ ರಸವನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು, ರೋಗಿಗಳು ಬೇಗ ಚೇತರಿಸಿಕೊಂಡರೆಂದು ವರದಿ ಮಾಡಿದರು. ಇಂಥ ಆರು ಪರೀಕ್ಷೆಗಳನ್ನು ೨೦೦೧ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ ಐದರಲ್ಲಿ ಫಲ ಬೇಗ ಕಂಡಿತ್ತು. ಸ್ತ್ರೀಯರಲ್ಲಿ ಅದು ಹೆಚ್ಚಾಗಿತ್ತು. ಆದರೆ ಇವೆಲ್ಲ ಹಳೆಯ ವರ್ಗದ ಔಷಧಗಳೊಡನೆ ನಡೆದ ಪರೀಕ್ಷೆಗಳು. ಹೊಸ ಗುಳಿಗೆಗಳೊಡನೆ ಮಾಡಿ ನೋಡಿದಾಗ ಫಲ ಒಂದೇ ಸಮನಾಗಿ ಬರಲಿಲ್ಲ.

೧೯೮೧ರಲ್ಲಿ ಕೆನಡಾದ ಕ್ಲೋಡ್ ದ ಮೋಂಟಿನ್ಯಿ ಮತ್ತು ಸಂಗಡಿಗರು, ಹಳೆಯ ಗುಳಿಗೆಯಿಂದ ಗುಣ ಕಾಣದಿದ್ದ ಎಂಟು ಮಂದಿಗೆ ಲಿಥಿಯಂ ಸೇರಿಸಿದಾಗ ನಲವತ್ತೆಂಟು ಗಂಟೆಗಳಲ್ಲಿ ಖಿನ್ನತೆ ಇಳಿಯಿತೆಂದು ಬರೆದರು. ವೈದ್ಯರಲ್ಲಿ ಆಗ ಎಷ್ಟು ಆಸೆ ಚಿಗುರಿರಬೇಕು! ಅಷ್ಟು ಶೀಘ್ರ ಫಲ ಎಲ್ಲರಿಗೂ ಸಿಗುವುದಿಲ್ಲವೆಂದು ಮುಂದೆ ತಿಳಿಯಿತು. ಆದರೂ ಒಂದು ಗುಳಿಗೆಗೆ ಬಗ್ಗದ ಖಿನ್ನತೆಗೆ ಲಿಥಿಯಂ ಸೇರಿಸುವ ಕ್ರಮ ಇಂದಿಗೂ ನಿಂತಿದೆ. ಲಿಥಿಯಂ ತೆಗೆದುಕೊಳ್ಳುವವರ ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಅಳೆಯಬೇಕು. ಮೂತ್ರಪಿಂಡ, ಥೈರಾಯ್ಡ್‌ಗಳ ಮೇಲೆಯೂ ಕಣ್ಣಿಟ್ಟಿರಬೇಕು.

ತೇಲುಗುಂಡನ್ನೇ ಒತ್ತಿ ಹಿಡಿದರೆ? ೧೯೯೪ರಲ್ಲಿ ಬಾರ್ಸಿಲೋನಾದ ಫ್ರಾನ್ಸೆಸ್ಕ್ ಅರ್ಟಿಗಾಸ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ರಕ್ತದೊತ್ತಡಕ್ಕೆ ಬಳಸುತ್ತಿದ್ದ ಪಿಂಡೊಲಾಲ್ ಎಂಬ ಔಷಧಕ್ಕೆ ಆ ಗ್ರಾಹಕಗಳನ್ನು ತಡೆಹಿಡಿಯುವ ಗುಣವೂ ಇದೆ. ಅದನ್ನು ಸೇರಿಸಿದಾಗ ಫಲ ಒಂದೆರಡು ವಾರಗಳಲ್ಲಿಯೇ ಕಂಡಿತು. ಯುಕ್ತಿ ಎಷ್ಟು ಚೆನ್ನಾಗಿದೆ ನೋಡಿ! ಆದರೆ ಮುಂದಿನ ಪರೀಕ್ಷೆಗಳು ಕೆಲವು ಹೌದೆಂದವು, ಕೆಲವು ಇಲ್ಲವೆಂದವು. ಎಲ್ಲವನ್ನೂ ಸೇರಿಸಿ ನೋಡಿದವರಿಗೆ ಕಂಡದ್ದಿಷ್ಟು: ಮೊದಲ ಎರಡು ವಾರಗಳಲ್ಲಿ ಸ್ವಲ್ಪ ಮುನ್ನಡೆ ಉಂಟು, ಆ ಮೇಲೆ ಇಬ್ಬರೂ ಸಮಸಮ. ಗ್ರಾಹಕಗಳನ್ನು ಪೂರ್ತಿಯಾಗಿ ಹಿಡಿಯಲು ಆ ಪ್ರಮಾಣ ಸಾಲದೆಂಬುದೂ ಮಿದುಳಿನ ಚಿತ್ರಗಳಿಂದ ತಿಳಿಯಿತು. ಈ ಗುಂಪಿನ ಔಷಧ ಉಬ್ಬಸವುಳ್ಳವರಿಗೆ ಅಪಾಯಕರವೆಂಬುದು ಬೇರೆ.

ಮೊದಲ ದಿನದಿಂದಲೇ ಎರಡು

ಖಿನ್ನತೆಯ ಎರಡು ಗುಳಿಗೆಗಳನ್ನೇ ಮೊದಲ ದಿನದಿಂದ ಜೋಡಿಸಿದರೇನು? ನಮ್ಮ ಸೋದರಿಯ ಪ್ರಶ್ನೆಗೆ ಅತಿ ಸಮೀಪದ ಪರೀಕ್ಷೆ ಇದು. ೨೦೧೦ರಲ್ಲಿ ಕೆನಡಾದ ಪಿಯರ್ ಬ್ಲಿಯೆ ಮತ್ತು ಸಂಗಡಿಗರು ೧೦೫ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಆರು ವಾರಗಳಲ್ಲಿ ಫ್ಲೂಆಕ್ಸೆಟಿನ್ ಒಂದನ್ನೇ ತೆಗೆದುಕೊಂಡವರಲ್ಲಿ ನೂರಕ್ಕೆ ೨೫ ಮಂದಿ ಪೂರ್ಣವಾಗಿ ಚೇತರಿಸಿಕೊಂಡಿದ್ದರು. ಮಿರ್ಟಾಜಪಿನ್ ಎಂಬ ಇನ್ನೊಂದು ಗುಳಿಗೆಯನ್ನು ಬೇರೆ ಬೇರೆ ಗುಳಿಗೆಗಳೊಡನೆ ಜೋಡಿಸಿ ಕೊಟ್ಟ ಮೂರು ಗುಂಪುಗಳಲ್ಲಿ ೪೬ರಿಂದ ೫೮ ಮಂದಿ. ಅಂತರ ಚಿಕ್ಕದಲ್ಲ.

ಆದರೆ ಮರುವರ್ಷ, ೨೦೧೧ರಲ್ಲಿ, ಅಮೆರಿಕದಿಂದ ಇದಕ್ಕಿಂತ ಬಹಳ ದೊಡ್ಡ ಪರೀಕ್ಷೆಯೊಂದರ ಫಲ ಬಂದಿತು. ಅದರಲ್ಲಿ ೬೬೫ ಮಂದಿಯನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎಸ್ಸಿಟಾಲೊಪ್ರಾಮ್ ಜೊತೆಗೆ ಔಷಧವಿಲ್ಲದ ಹುಸಿ ಗುಳಿಗೆ, ಉಳಿದೆರಡು ಗುಂಪುಗಳಿಗೆ ಎರಡೆರಡು ನಿಜವಾದ ಗುಳಿಗೆ. ಹನ್ನೆರಡು ವಾರಗಳಲ್ಲಿ ಮೂರು ಗುಂಪುಗಳಲ್ಲಿಯೂ ನೂರಕ್ಕೆ ೩೮ರ ಆಸುಪಾಸಿನಲ್ಲಿಯೇ ಜನ ಚೇತರಿಸಿಕೊಂಡರು. ಜೋಡಿಯಿಂದ ಲಾಭವಾಗಲಿಲ್ಲ. ವೆನ್ಲಫ್ಯಾಕ್ಸಿನ್ ಮತ್ತು ಮಿರ್ಟಾಜಪಿನ್ ಜೋಡಿಯಲ್ಲಿ ಉಪದ್ರವ ಮಾತ್ರ ಹೆಚ್ಚಿತ್ತು. ೨೦೧೮ರಲ್ಲಿ ಬ್ರಿಟನ್ನಿನಲ್ಲಿ, ಒಂದು ಗುಳಿಗೆಯಿಂದ ಗುಣವಾಗದಿದ್ದ ೪೮೦ ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿಯೂ ಮಿರ್ಟಾಜಪಿನ್ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಹಾಗಾದರೆ ಈ ದಾರಿ ಮುಚ್ಚಿತೆ? ಅದೂ ಇಲ್ಲ. ೨೦೨೨ರಲ್ಲಿ ೩೯ ಪರೀಕ್ಷೆಗಳನ್ನು, ಅಂದರೆ ೬,೭೫೧ ರೋಗಿಗಳ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿದ ಸಂಶೋಧಕರು, ಸರಾಸರಿಯಲ್ಲಿ ಜೋಡಿಯೇ ಮೇಲೆಂದು ಹೇಳಿದ್ದಾರೆ. ಅದರಲ್ಲಿಯೂ ಹೀರಿಕೆಯನ್ನು ತಡೆಯುವ ಗುಳಿಗೆಯೊಡನೆ ಮಿರ್ಟಾಜಪಿನ್ ವರ್ಗದ ಗುಳಿಗೆಯನ್ನು ಸೇರಿಸಿದಾಗ ಲಾಭ ಹೆಚ್ಚು. ಬ್ಯುಪ್ರೊಪಿಯಾನ್ ಸೇರಿಸಿದಾಗ ಅಂಥ ಲಾಭ ಕಾಣಲಿಲ್ಲ. ಒಟ್ಟಿನಲ್ಲಿ ಹೇಳುವುದಾದರೆ, ಎರಡು ಗುಳಿಗೆ ಕೂಡಿದ ಮಾತ್ರಕ್ಕೆ ಫಲ ಇಮ್ಮಡಿಯಾಗುವುದಿಲ್ಲ. ಯಾವುದರೊಡನೆ ಯಾವುದು, ಯಾರಿಗೆ, ಯಾವಾಗ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುದ್ದೆಗೆ ಸೊಪ್ಪಿನ ಸಾರು ಕೂಡುತ್ತದೆ, ಹಾಲಿಗೆ ಹುಳಿ ಕೂಡುವುದಿಲ್ಲ.

ನಿದ್ರೆಯ ಗುಳಿಗೆ ಮತ್ತು ಹೊಸ ಔಷಧಗಳು

ಮೊದಲ ವಾರಗಳಲ್ಲಿ ವೈದ್ಯರು ಹಲವರಿಗೆ ಆತಂಕ ಮತ್ತು ನಿದ್ರೆಗಾಗಿ ಬೆಂಜೊಡಯಾಜಪಿನ್ ವರ್ಗದ ಚಿಕ್ಕ ಗುಳಿಗೆಯೊಂದನ್ನು ಬರೆದುಕೊಡುವುದುಂಟು. ಇದಕ್ಕೆ ಆಧಾರವಿದೆ. ೨೦೧೯ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಈ ಜೋಡಿಯಿಂದ ಮೊದಲ ನಾಲ್ಕು ವಾರಗಳಲ್ಲಿ ಖಿನ್ನತೆ ಹೆಚ್ಚು ಇಳಿಯುತ್ತದೆ. ಆ ಮೇಲೆ ವ್ಯತ್ಯಾಸ ಉಳಿಯುವುದಿಲ್ಲ. ಅಂದರೆ ಇದು ಹೊಳೆ ದಾಟುವವರೆಗಿನ ದೋಣಿ, ಕೂತುಬಿಡುವ ಮನೆಯಲ್ಲ. ವಾರಗಳು ತಿಂಗಳುಗಳಾದರೆ ಅದರ ಅಭ್ಯಾಸ ಹತ್ತುತ್ತದೆ. ವಯಸ್ಸಾದವರು ರಾತ್ರಿ ಎದ್ದಾಗ ತೂರಾಡಿ ಬೀಳುತ್ತಾರೆ. ಆದುದರಿಂದ ಆರಂಭಿಸುವ ದಿನವೇ, “ಇದನ್ನು ಎಂದು ನಿಲ್ಲಿಸಬೇಕು, ಹೇಗೆ ಇಳಿಸಬೇಕು?” ಎಂದು ವೈದ್ಯರನ್ನು ಕೇಳಿಡಿ. ಮದ್ಯಪಾನದೊಡನೆ ಇದು ಪ್ರಾಣಾಪಾಯಕರ.

ಇತ್ತೀಚೆಗೆ ತಡವೇ ಇಲ್ಲದ ಔಷಧಗಳ ಸುದ್ದಿಯೂ ವಾಚಕರ ಕಿವಿಗೆ ಬಿದ್ದಿರಬಹುದು. ಅರಿವಳಿಕೆಯ ಔಷಧವಾದ ಕೆಟಮಿನ್ ಕೆಲವು ಗಂಟೆಗಳಲ್ಲಿ ಖಿನ್ನತೆಯನ್ನು ಇಳಿಸಬಲ್ಲದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು ೨೦೦೦ದಲ್ಲಿ ತೋರಿಸಿದರು. ಅದರ ಸಂಬಂಧಿಯಾದ ಎಸ್ಕೆಟಮಿನ್ ಎಂಬ ಮೂಗಿನ ತುಂತುರು ಔಷಧಕ್ಕೆ ೨೦೧೯ರಲ್ಲಿ ಅಲ್ಲಿ ಅನುಮತಿ ದೊರೆತದ್ದು ಬಾಯಿಂದ ತೆಗೆದುಕೊಳ್ಳುವ ಗುಳಿಗೆಯ ಜೊತೆಗಾರನಾಗಿಯೇ. ಆಗ ಅದು ಬೇರೆ ಚಿಕಿತ್ಸೆಗಳಿಗೆ ಬಗ್ಗದವರಿಗಾಗಿ ಮಾತ್ರ ಇತ್ತು. ಅದನ್ನು ವೈದ್ಯರ ಎದುರಿನಲ್ಲಿ ತೆಗೆದುಕೊಂಡು, ಎರಡು ಗಂಟೆ ಅಲ್ಲಿಯೇ ಕುಳಿತಿರಬೇಕು. ೨೦೨೨ರಲ್ಲಿ ಇನ್ನೊಂದು ಜೋಡಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಮ್ಮಿನ ಔಷಧದಲ್ಲಿರುವ ಡೆಕ್ಸ್ಟ್ರೊಮಿಥಾರ್ಫಾನ್ ಮತ್ತು ಬ್ಯುಪ್ರೊಪಿಯಾನ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿದ್ದಾರೆ. ಮೊದಲನೆಯದು ದೇಹದಲ್ಲಿ ಬೇಗ ಕರಗಿಹೋಗದಂತೆ ಎರಡನೆಯದು ತಡೆಯುತ್ತದೆ. ಇದರ ಗುಣ ಒಂದು ವಾರದಲ್ಲಿಯೇ ಕಾಣತೊಡಗಿತೆಂದು ಪರೀಕ್ಷೆ ಹೇಳುತ್ತದೆ. ಇದನ್ನು ಓದಿ ಯಾರೂ ಮನೆಯ ಕೆಮ್ಮಿನ ಸೀಸೆಗೆ ಕೈಹಾಕಬಾರದು! ಅಲ್ಲಿ ಪ್ರಮಾಣಗಳನ್ನು ಅಳೆದು ತೂಗಿ ಇಟ್ಟಿದ್ದಾರೆ, ಸೀಸೆಯಲ್ಲಿ ಅದಿಲ್ಲ.

ಮನೆಯಲ್ಲಿಯೇ ಕೂಡಿಸಿದರೆ

ಈಗ ಅಣ್ಣನ ಪಟ್ಟಿಯ ವಿಷಯಕ್ಕೆ ಬರೋಣ. ಸಿರೊಟೊನಿನ್ ಏರಿಸುವ ಎರಡು ಔಷಧಗಳು ತಿಳಿಯದೆ ಕೂಡಿದರೆ ತೊಟ್ಟಿ ಉಕ್ಕಿ ಹರಿಯಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆಯೇ ನಡುಕ, ಬೆವರು, ಭೇದಿ, ಚಡಪಡಿಕೆ, ಎದೆಬಡಿತದ ಓಟ, ಸ್ನಾಯುಗಳ ಸೆಳೆತ ಕಾಣಿಸಿಕೊಳ್ಳುತ್ತವೆ. ಜ್ವರವೇರಿ, ಮೈ ಸೆಟೆದು, ಮಾತು ತಪ್ಪಿದರೆ ಅದು ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಖಿನ್ನತೆಯ ಗುಳಿಗೆಗಳಿಂದ ಮಾತ್ರವೇ ಹೀಗಾಗುತ್ತದೆಂದು ತಿಳಿಯಬಾರದು. ನೋವಿಗೆ ಕೊಡುವ ಟ್ರಮಡಾಲ್, ಮೇಲೆ ಹೇಳಿದ ಕೆಮ್ಮಿನ ಔಷಧ, ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬಳಸುವ ಲಿನೆಜೊಲಿಡ್, ಇವೂ ಆ ಪಟ್ಟಿಯಲ್ಲಿವೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ಗುಳಿಗೆಗಳು ಜೊತೆಗೂಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ.

ಹೊರನಾಡಿನ ನಮಗೆ ಈ ಅಪಾಯ ಕೊಂಚ ಹೆಚ್ಚೆಂದೇ ನಮ್ಮ ಅಭಿಪ್ರಾಯ. ನಮ್ಮಲ್ಲಿ ಅನೇಕರಿಗೆ ಇಬ್ಬರು ವೈದ್ಯರಿದ್ದಾರೆ: ಇಲ್ಲಿನವರೊಬ್ಬರು, ಬೇಸಿಗೆಯ ರಜೆಗೆ ಹೋದಾಗ ಊರಿನವರೊಬ್ಬರು. ಮೂರನೆಯವನಾಗಿ ಕೆಳಗಿನ ಅಂಗಡಿಯ ಔಷಧ ಮಾರುವಾತನಿದ್ದಾನೆ. ಅತ್ತೆಯವರು ಕಳುಹಿಸಿದ ಚೂರ್ಣ, ಲೇಹ್ಯಗಳ ಡಬ್ಬಿಯೂ ಇರುತ್ತದೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದು. ಹೀಗಾಗಿ ಯಾರೂ ಬೇಕೆಂದು ಕೂಡಿಸದೆಯೇ ಔಷಧಗಳು ನಮ್ಮ ಮನೆಗಳಲ್ಲಿ ಕೂಡಿಹೋಗುತ್ತವೆ. ಇದಕ್ಕೆ ಮದ್ದು ಒಂದು ಇಪ್ಪತ್ತು ರೂಪಾಯಿಯ ನೋಟುಪುಸ್ತಕ. ಯಾವ ಗುಳಿಗೆ, ಎಷ್ಟು ಮಿಲಿಗ್ರಾಂ, ಯಾವ ದಿನ ಆರಂಭ, ಯಾರು ಕೊಟ್ಟರು, ಇಷ್ಟನ್ನು ಬರೆದಿಡಿ. ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ಮುಂದಿಡಿ. ಕೂಡಿಸುವ ಕೆಲಸ ಒಂದೇ ಕೈಯಲ್ಲಿರಲಿ.

ಅಣ್ಣನ ಪಟ್ಟಿಯನ್ನು ಎಸೆಯಬೇಡಿ ಎಂದುದಕ್ಕೂ ಕಾರಣವಿದೆ. ರಕ್ತಸಂಬಂಧಿಯೊಬ್ಬರಿಗೆ ಯಾವ ಔಷಧ ಹಿಡಿಸಿತ್ತೆಂಬುದು ವೈದ್ಯರಿಗೆ ಉಪಯೋಗದ ಸುಳಿವು. ಇಲ್ಲಿ ಆ ಅಣ್ಣ ರೋಗಿಗೆ ಭಾವಮೈದುನ, ರಕ್ತಸಂಬಂಧಿಯಲ್ಲ. ಆದುದರಿಂದ ಆ ಸುಳಿವೂ ಇಲ್ಲಿಲ್ಲ. ಆದರೆ ಮನೆಯಲ್ಲಿ ಇನ್ನೇನು ಔಷಧವಿದೆ, ಏನನ್ನು ಕೊಡುವ ಮನಸ್ಸಾಗಿದೆ ಎಂಬುದನ್ನು ವೈದ್ಯರು ತಿಳಿದಿರುವುದು ಒಳ್ಳೆಯದು. ರೋಗಿಗೆ ಹಿಂದೆ ಎಂದಾದರೂ ನಿದ್ರೆಯೇ ಬೇಡವಾಗಿ, ಮಿತಿಮೀರಿದ ಉಲ್ಲಾಸ, ದುಂದುವೆಚ್ಚ, ಬಿಡುವಿಲ್ಲದ ಮಾತು ಇದ್ದ ದಿನಗಳಿದ್ದರೆ ಅದನ್ನು ತಪ್ಪದೆ ಹೇಳಿ. ಆ ಬೇನೆಯ ಚಿಕಿತ್ಸೆಯೇ ಬೇರೆ.

ಕಾಯುವ ವಾರಗಳು

ತಾಳಿದವನು ಬಾಳಿಯಾನು ಎಂಬ ಗಾದೆ ನಮಗೆಲ್ಲ ಗೊತ್ತು. ಖಿನ್ನತೆಯಿಂದ ನರಳುವವರಿಗೆ ದಯವಿಟ್ಟು ಆ ಗಾದೆಯನ್ನು ಹೇಳಬೇಡಿ. ಅವರು ತಾಳಿಕೊಂಡೇ ಸಾಕಾಗಿ ಹೋಗಿರುತ್ತಾರೆ. ಈ ವಾರಗಳಲ್ಲಿ ತಾಳ್ಮೆ ಬೇಕಾದದ್ದು ಮನೆಯವರಿಗೆ. “ಗುಳಿಗೆ ಇನ್ನೂ ಹತ್ತಿಲ್ಲ, ಹತ್ತಲು ಇಷ್ಟು ದಿನ ಬೇಕೆಂದು ಡಾಕ್ಟರರೇ ಹೇಳಿದ್ದಾರೆ, ನಿಮ್ಮ ತಪ್ಪೇನೂ ಇಲ್ಲ” ಎಂಬ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳಿ. ಎರಡು ವಾರಗಳ ಕೊನೆಗೆ ವೈದ್ಯರನ್ನು ಮತ್ತೆ ಕಾಣಿ. ನಿದ್ರೆಯಲ್ಲಿ, ಊಟದಲ್ಲಿ, ಸ್ನಾನ ಮಾಡುವ ಮನಸ್ಸಿನಲ್ಲಿ ಎಳ್ಳಷ್ಟಾದರೂ ಬದಲಾವಣೆ ಇದೆಯೆ ಎಂಬುದನ್ನು ಅವರು ತೂಗುತ್ತಾರೆ. ನಾಲ್ಕು ವಾರಗಳಾದರೂ ಏನೂ ಇಲ್ಲವಾದರೆ ಪ್ರಮಾಣ ಏರಿಸುವುದೊ, ಗುಳಿಗೆ ಬದಲಿಸುವುದೊ, ಇನ್ನೊಂದನ್ನು ಸೇರಿಸುವುದೊ ಎಂದು ಅವರು ನಿರ್ಧರಿಸುತ್ತಾರೆ. ಆಗ ವೈದ್ಯರು ಎರಡನೆಯ ಗುಳಿಗೆ ಸೇರಿಸಿದರೆ ಹೆದರಬೇಡಿ. “ಬೇನೆ ಕೈಮೀರಿತು” ಎಂದು ಅದರ ಅರ್ಥವಲ್ಲ. ಮೊದಲ ಗುಳಿಗೆಯಿಂದಲೇ ಪೂರ್ಣ ಗುಣವಾಗುವವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ.

ಗುಳಿಗೆಯ ಜೊತೆಗೆ ಕೂಡಿಸಬಹುದಾದ, ಉಪದ್ರವ ಕಡಮೆಯಿರುವ ಇನ್ನೊಂದು ಚಿಕಿತ್ಸೆ ಮಾತಿನದು. ತರಬೇತಾದ ಮನಶ್ಶಾಸ್ತ್ರಜ್ಞರೊಡನೆ ವಾರವಾರ ಕುಳಿತು ಮಾತನಾಡುವ ಕ್ರಮ ಗುಳಿಗೆಯೊಡನೆ ಸೇರಿದರೆ, ಇವೆರಡರಲ್ಲಿ ಯಾವ ಒಂದಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆಂಬುದು ಅನೇಕ ಪರೀಕ್ಷೆಗಳಲ್ಲಿ ಕಂಡಿದೆ. ಇಲ್ಲಿ ಭಾಷೆಯ ತೊಡಕು ಬರುತ್ತದೆ. ಕಚೇರಿಯ ವ್ಯವಹಾರವನ್ನು ನಾವು ಹಿಂದಿಯಲ್ಲಿಯೊ ಮರಾಠಿಯಲ್ಲಿಯೊ ನಡೆಸಬಲ್ಲೆವು. ದುಃಖ ಮಾತ್ರ ಕನ್ನಡದಲ್ಲಿಯೇ ಬರುತ್ತದೆ. ಎದೆ ಭಾರ, ಸಂಕಟ, ಯಾವುದೂ ಬೇಡ ಎಂಬ ಮಾತುಗಳನ್ನು ಬೇರೆ ನುಡಿಯಲ್ಲಿ ಹುಡುಕುವಷ್ಟರಲ್ಲಿ ಅರ್ಧ ಹಾರಿಹೋಗುತ್ತದೆ. ವೈದ್ಯರ ಬಳಿಗೆ ಹೋಗುವಾಗ ಎರಡೂ ಭಾಷೆ ಬಲ್ಲ ಹಿರಿಯರೊಬ್ಬರನ್ನು ಕರೆದೊಯ್ಯಿರಿ. ಶಾಲೆಗೆ ಹೋಗುವ ಮಗಳಿಂದ ತಂದೆಯ ಸಾವಿನ ಯೋಚನೆಯನ್ನು ಭಾಷಾಂತರ ಮಾಡಿಸಬೇಡಿ.

ಆ ಯೋಚನೆಯ ವಿಷಯದಲ್ಲಿ ಒಂದು ಮುಖ್ಯ ಮಾತು. ಗುಳಿಗೆ ಹತ್ತತೊಡಗಿದಾಗ ಕೆಲವರಲ್ಲಿ ಮನಸ್ಸು ತಿಳಿಯಾಗುವ ಮೊದಲೇ ಮೈಯ ತ್ರಾಣ ಮರಳುತ್ತದೆ. ಈ ದಿನಗಳಲ್ಲಿ ಎಚ್ಚರ ಬೇಕು. ಇಪ್ಪತ್ತೈದು ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ಇಲಾಖೆ ೨೦೦೭ರಿಂದ ಎಚ್ಚರಿಕೆ ಮುದ್ರಿಸುತ್ತಿದೆ. ಗುಳಿಗೆಗಳೆಲ್ಲ ಮನೆಯವರ ಬಳಿ ಬೀಗದಲ್ಲಿರಲಿ. ಆಯಾ ದಿನದ್ದನ್ನು ಮಾತ್ರ ಕೊಡಿ. “ಸಾಯುವ ಯೋಚನೆ ಬರುತ್ತದೆಯೆ?” ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ. ಹೌದೆಂದರೆ, ಅಥವಾ ಅನ್ನನೀರು ಬಿಟ್ಟರೆ, ಕಾಯಬೇಡಿ; ಒಬ್ಬರನ್ನೇ ಬಿಡಬೇಡಿ; ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥ ಸ್ಥಿತಿಯಲ್ಲಿ ವೈದ್ಯರು ಅರಿವಳಿಕೆ ಕೊಟ್ಟು ವಿದ್ಯುತ್ ಚಿಕಿತ್ಸೆಯನ್ನು ಸೂಚಿಸಿದರೆ ಸಿನೆಮಾದ ದೃಶ್ಯಗಳನ್ನು ನೆನೆದು ಬೆದರುವುದು ಬೇಡ. ತುರ್ತಿನಲ್ಲಿ ಬೇಗ ಗುಣ ಕೊಡುವ ಹಳೆಯ, ಪರೀಕ್ಷಿತ ಚಿಕಿತ್ಸೆ ಅದು.

ಕೇಂದ್ರ ಸರಕಾರದ ಟೆಲಿ-ಮಾನಸ್ ದೂರವಾಣಿ ಸೇವೆ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾಯಿತು. ಸಂಖ್ಯೆ ೧೪೪೧೬. ಹಗಲಿರುಳೂ ದೊರೆಯುತ್ತದೆ, ಶುಲ್ಕವಿಲ್ಲ. ಕನ್ನಡವನ್ನು ಆರಿಸಿಕೊಂಡು ಮಾತನಾಡುವ ಅನುಕೂಲವೂ ಇದೆ. ಈ ಸಂಖ್ಯೆಯನ್ನು ನಾಳೆಗೆಂದು ಬಿಡದೆ ಇಂದೇ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಗುಣವಾದ ಮೇಲೂ ಒಂದು ಕೆಲಸ ಉಳಿಯುತ್ತದೆ. “ಈಗ ಚೆನ್ನಾಗಿದ್ದೇನಲ್ಲ” ಎಂದು ಗುಳಿಗೆಯನ್ನು ತಟ್ಟನೆ ನಿಲ್ಲಿಸಬಾರದು. ಚೇತರಿಸಿಕೊಂಡ ಮೇಲೆ ಕಡಮೆಯೆಂದರೆ ಆರು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸತಕ್ಕದ್ದು. ಎರಡು ಗುಳಿಗೆಗಳಿದ್ದರೆ ಯಾವುದನ್ನು ಮೊದಲು ಬಿಡಬೇಕೆಂಬುದನ್ನೂ ಅವರೇ ಹೇಳಬೇಕು.

ಕೊನೆಯದಾಗಿ ಸಂಘದ ಸದಸ್ಯರೆಲ್ಲರಿಗೆ ಒಂದು ಮಾತು. ರಾಜ್ಯೋತ್ಸವಕ್ಕೆ, ಯುಗಾದಿಯ ಊಟಕ್ಕೆ ತಪ್ಪದೆ ಬರುತ್ತಿದ್ದ ಮನೆಯವರು ಎರಡು ಸಲ ಕಾಣದಿದ್ದರೆ, “ಏಕೋ ದೊಡ್ಡವರಾಗಿಬಿಟ್ಟರು” ಎಂದು ಆಡಿಕೊಳ್ಳುವ ಮೊದಲು ಒಮ್ಮೆ ಅವರ ಮನೆಗೆ ಹೋಗಿಬನ್ನಿ. ಏನಾಯಿತು, ಏಕೆ ಎಂದು ಕೆದಕಬೇಡಿ, ಬುದ್ಧಿವಾದವೂ ಬೇಡ. ಒಂದು ಡಬ್ಬಿ ಚಿತ್ರಾನ್ನ ಕೊಟ್ಟು, ಅರ್ಧ ಗಂಟೆ ಕನ್ನಡದಲ್ಲಿ ಲ್ಲೋಕಾಭಿರಾಮವಾಗಿ ಮಾತನಾಡಿ, “ಮುಂದಿನ ವಾರ ಮತ್ತೆ ಬರುತ್ತೇವೆ” ಎಂದು ಹೇಳಿ ಬನ್ನಿ. ಹೇಳಿದಂತೆ ಮತ್ತೆ ಹೋಗಿ.